ಒಂದೇ ಬಳ್ಳಿಗೆ ಎರಡು ಕತ್ತರಿ

ಜೀನತ ಬಾಗಿಲಲ್ಲೇ ನಿಂತು ಸಿಡಿದಳು. "ಯಶೋಧಾ ಅಕ್ಕಾ, ನಿಮ್ಮ ಕಸಬರಗಿ ನನ್ನ ಪ್ರೋಗ್ರಾಮ್ ಕೆಡಿಸೈತಿ. ಇವತ್ತ ಸರಿ ಆಗಲಿಲ್ಲಂದ್ರ ತಗದ ಒಗೀತೇನಿ ನೋಡ್ರಿ!"

ಕಸಬರಿಗೆ ಎಂದರೆ ನಾನು ಮತ್ತು ಧರ್ಮರಾಜಣ್ಣ ಇಬ್ರಾಹಿಂಪುರದ ಈ ಕೋಣೆಯಲ್ಲಿ ಕೂತು ಕಟ್ಟಿದ ಸಾಧನ. ಬೇರೆಯವರ ಕೋಡ್ ಓದಿ, ಬರವಣಿಗೆ ಅಂದಗೆಟ್ಟಲ್ಲೆಲ್ಲ ಹಳದಿ ಗೆರೆ ಎಳೆದು ಎಚ್ಚರಿಸುತ್ತದೆ. ಒಪ್ಪಿದರೆ ತಾನೇ ತಿದ್ದುತ್ತದೆ. ಔಷಧ ಅಂಗಡಿಗಳಿಗೆ ಪ್ರೋಗ್ರಾಮ್ ಬರೆಯುವ ಜೀನತ ಬಿಟ್ಟರೆ ಅದನ್ನು ಬಳಸುವವರು ಯಾರೂ ಇರಲಿಲ್ಲ. ಅವಳೂ ಕೈಬಿಟ್ಟರೆ ನಮ್ಮ ಕಸಬರಿಗೆ ಮೂಲೆ ಸೇರಿದಂತೆಯೇ.

ಆದದ್ದು ನೋಡಿ ನನ್ನ ತಲೆ ಕೆಟ್ಟಿತು. ಒಂದೇ ಸಾಲಿನ ಮೇಲೆ ಎರಡೆರಡು ಎಚ್ಚರಿಕೆ. ಹೇಳಿದ್ದನ್ನೇ ಮತ್ತೆ ಹೇಳಿದ್ದರೆ ತೆಗೆ ಎನ್ನುವುದು ಧರ್ಮಣ್ಣನ ನಿಯಮ. ಸಾಲು ಉದ್ದವಾದರೆ ಮುರಿ ಎನ್ನುವುದು ನನ್ನದು. ಸಾಧನ ಇಬ್ಬರ ಮಾತನ್ನೂ ಒಟ್ಟಿಗೇ ಕೇಳಲು ಹೋಗಿ, ಕೋಡಿನ ನಡುವಿದ್ದ ಒಂದು ಹೆಸರನ್ನೇ ಅರ್ಧ ನುಂಗಿ, ಪ್ರೋಗ್ರಾಮ್ ಓಡದಂತೆ ಮಾಡಿಬಿಟ್ಟಿತ್ತು.

"ನಿನ್ನ ನಿಯಮ ತಗದಬಿಡು," ಎಂದ ಧರ್ಮಣ್ಣ.

"ನಿಂದ್ಯಾಕ ತಗೀಬಾರ್ದು?"

ಇದು ನಮ್ಮ ದಿನದ ಜಗಳ. ಆದರೆ ಜೀನತಳ ಮುಖ ನೋಡಿ ಅದನ್ನು ಅಲ್ಲಿಗೇ ಬಿಟ್ಟೆ. ಆಗಲೇ ತಿಕೋಟಾದ ನಮ್ಮ ದ್ರಾಕ್ಷಿ ತೋಟ ನೆನಪಾಯಿತು. ಚಾಟ್ನಿ ಮಾಡುವಾಗ, ಅಂದರೆ ಬಳ್ಳಿ ಕತ್ತರಿಸುವಾಗ, ಸಾಲಿನ ಎರಡೂ ಕಡೆಯಿಂದ ಜನ ಬರುತ್ತಾರೆ. ಒಬ್ಬರು ಕೈ ಹಾಕಿದ ಬಳ್ಳಿಗೆ ಇನ್ನೊಬ್ಬರು ಕತ್ತರಿ ಇಡುವಂತಿಲ್ಲ, ಬಿಟ್ಟು ಮುಂದೆ ಹೋಗಬೇಕು. ಎರಡನೇ ಸುತ್ತಿಗೆ ಬಂದು ಹೊಸದಾಗಿ ನೋಡಿ, ಬೇಕೆನಿಸಿದರಷ್ಟೇ ಕತ್ತರಿಸಬೇಕು.

"ಧರ್ಮಣ್ಣಾ, ಯಾವ್ದೂ ತಗಿಯೂದ ಬ್ಯಾಡ. ಒಂದ ಜಾಗಾಕ್ಕ ಎರಡು ಬಂದ್ರ ಒಂದನ್ನಷ್ಟ ಮಾಡೂಣು, ಇನ್ನೊಂದ ಬಿಡೂಣು. ಆಮ್ಯಾಲೆ ಇಡೀ ಕೋಡ್ ಮತ್ತ ಓದಸೂಣು. ಮೊದಲ ನಿಂದ ಆಗ್ಲಿ, ತಗೋ."

ಕೊನೆಯ ಮಾತು ಹೇಳುವಾಗ ಹೊಟ್ಟೆ ಉರಿಯಿತು.

ಸಂಜೆಯ ಹೊತ್ತಿಗೆ ಬರೆದು ಮುಗಿಸಿದೆವು. ಜೀನತ ಅದನ್ನು ಕೆಡುವ ಮುಂಚಿನ ತನ್ನ ಮೂಲ ಕೋಡಿನ ಮೇಲೆ ಓಡಿಸಿದಳು. ಮೊದಲ ಸುತ್ತಿನಲ್ಲಿ ಧರ್ಮಣ್ಣನ ನಿಯಮ ಕೆಲಸ ಮಾಡಿತು. ಎರಡನೇ ಸುತ್ತಿನಲ್ಲಿ ನನ್ನದರ ಸರದಿ. ಪರದೆಯ ತುಂಬ ಇದ್ದ ಹಳದಿ ಗೆರೆಗಳಲ್ಲಿ ಒಂದೂ ಉಳಿದಿರಲಿಲ್ಲ, ನಾವು ಬಿಟ್ಟು ಬಂದವು ಕೂಡ. ಬೇಡದ್ದು ಹೋದ ಮೇಲೆ ಸಾಲುಗಳು ತಾವಾಗಿಯೇ ಗಿಡ್ಡವಾಗಿದ್ದವು.

ಜೀನತಳ ಪ್ರೋಗ್ರಾಮ್ ಚಾಲೂ ಆಯಿತು. "ಯಪ್ಪಾ!" ಎಂದಳು.

ನನ್ನ ಮೈ ಜುಮ್ಮೆಂದಿತು. ಅಷ್ಟು ಜಗಳವಾಡಿ ಉಳಿಸಿಕೊಂಡ ನನ್ನ ನಿಯಮಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಧರ್ಮಣ್ಣ ಈಗ ನಗುತ್ತಾನೆ ಎಂದು ತಿರುಗಿದೆ. ಅವನೂ ಬಾಯಿ ತೆರೆದುಕೊಂಡು ಪರದೆಯನ್ನೇ ನೋಡುತ್ತಿದ್ದ.

"ತಗದ ಒಗೀತೇನಿ ಅಂದಿದ್ಯಲ್ಲಾ, ಜೀನತ?" ಎಂದೆ.

ಅವಳಿಗೆ ಅದು ಕೇಳಿಸಲೇ ಇಲ್ಲ. "ಮೊದಲಿನಿಂದ ಇನ್ನೊಮ್ಮೆ ಓಡಸ್ಲೇನ್ರಿ ಅಕ್ಕಾ? ಸುಮ್ನ, ನೋಡಾಕ."