ಮಖಮಲ್ಲಿನ ಮೇಲಿನ ಕಣ್ಣುಗಳು

ಚಪ್ಪಲಿಯ ಹಿಮ್ಮಡಿ ಒಂದು ಪಕ್ಕಕ್ಕೆ ಸವೆದಿದೆ, ಅಂದರೆ ನಡೆಯುವವರು, ಕಾರು ಗೇಟಿನ ಹೊರಗೆ ಕಾಯುತ್ತಿದ್ದರೂ ನಡೆಯುವವರು, ಒಳ್ಳೆಯದಾಯಿತು, ನಡೆಯುವವರು ಒಂದು ಮಾತು ಹೆಚ್ಚಿಗೆ ಕೇಳಿಸಿಕೊಳ್ಳುತ್ತಾರೆ, ಮನೆಮನೆಗೆ ಬಟ್ಟೆ ಹೊತ್ತು ಮಾರಿದವಳಿಗೆ ಮುಖಕ್ಕಿಂತ ಮೊದಲು ಕಾಲೇ ಕಾಣುವುದು — ದುಡ್ಡು ಕೊಡುವ ಪ್ರತಿಷ್ಠಾನದಿಂದ ಬಂದವರು, ಈಗ ಬಗ್ಗಿ ನೋಡುತ್ತಿದ್ದಾರೆ, ಕಪ್ಪು ಮಖಮಲ್ಲಿನ ಮೇಲೆ ಬೆಳಿಗ್ಗೆಯಿಂದ ಕೂತು ನಾನು ಜೋಡಿಸಿದ ಕೃತಕ ಕಣ್ಣುಗಳು, ತೆಳು ಕಂದು, ಆಮೇಲೆ ಗಾಢ, ಇನ್ನೂ ಗಾಢ, ತುದಿಯಲ್ಲಿ ಕಪ್ಪೇ ಅನ್ನಿಸುವಷ್ಟು, ಬಟ್ಟೆಯ ಥಾನುಗಳನ್ನು ಬಣ್ಣ ಹಿಡಿದು ಹರಡುವ ಹಾಗೆ, ಹಾಗೆ ಹರಡಿದರೆ ಎದುರಿಗಿದ್ದವರ ಕೈ ತಾನಾಗಿ ಮುಂದೆ ಬರುತ್ತದೆ, ಇವರ ಕೈ ಬರಲಿಲ್ಲ, ಬೆನ್ನ ಹಿಂದೆ ಕಟ್ಟಿಕೊಂಡೇ ಇದ್ದಾರೆ. ಇದರಲ್ಲಿ ಕಾಣಿಸುತ್ತಾ, ಅಂದರು. ಇಲ್ಲ ಮೇಡಂ, ಅಂದಳು ಇವನ್ನು ಮಾಡುವ ನನ್ನ ಸೊಸೆ, ಕಾಣಿಸಲ್ಲ, ಕಣ್ಣು ಕಳಕೊಂಡವರಿಗೆ ಆ ಜಾಗ ತುಂಬೋಕೆ ಇಡೋದು. ಅಂದರೆ ಅಲಂಕಾರ ಅಂತ ಆಯ್ತಲ್ಲ, ಅಂದರು, ಮೆತ್ತಗೇ ಅಂದರು, ಬೈದಿದ್ದರೆ ವಾಸಿಯಿತ್ತು, ನೋಡಿ ಅಮ್ಮ, ನಮ್ಮ ಪ್ರತಿಷ್ಠಾನದ ನಿಯಮ ಒಂದೇ, ಏಟು ಬಿದ್ದೋ ಕಾಯಿಲೆ ಬಂದೋ ಕೆಲಸ ಬಿಟ್ಟವರು ಮತ್ತೆ ಕೆಲಸಕ್ಕೆ ಹೋಗೋ ಹಾಗಾಗಬೇಕು, ಅದಕ್ಕೆ ಮಾತ್ರ ಕೊಡ್ತೀವಿ, ಇದು ಒಡವೆ ಅಂಗಡಿ ಥರ ಇದೆ. ಒಡವೆ ಅಂಗಡಿ! ಹಾಗೆ ಕಾಣುವಂತೆ ಮಾಡಿದವಳು ನಾನೇ, ಸೊಸೆ ನಿನ್ನೆಯೇ ಹೇಳಿದ್ದಳು, ಅತ್ತೆ, ಬೇಡ, ಅವೆಲ್ಲ ಅವರವರ ಬಟ್ಟಲಲ್ಲೇ ಇರಲಿ, ಹೆಸರು ಅಂಟಿಸಿದ ತಗಡಿನ ಬಟ್ಟಲು, ಒಬ್ಬೊಬ್ಬರಿಗೆ ಒಂದೊಂದು, ಬಣ್ಣ ಮುಗಿದು ಕೊನೆಯ ಮೆರುಗಿಗೆ ಕಾಯುವ ಕಣ್ಣುಗಳು, ಬಟ್ಟಲು ತುಕ್ಕು ಹಿಡಿದಿದೆ, ನೋಡಿದವರು ಏನಂದುಕೊಳ್ಳುತ್ತಾರೆ ಅಂತ ಅವಳು ಬರುವ ಮೊದಲೇ ಎಲ್ಲವನ್ನೂ ಸುರಿದುಬಿಟ್ಟೆ, ಈಗ ಯಾವುದು ಯಾರದು. ಮುಂದಿನ ತಿಂಗಳು ಈ ಕೋಣೆಗೆ ಎಕ್ಸ್‌ರೇ ಯಂತ್ರ ಬರುತ್ತದೆ, ಆಸ್ಪತ್ರೆಯವರದ್ದೇನೂ ತಪ್ಪಿಲ್ಲ, ಇಷ್ಟು ದಿನ ಬಿಟ್ಟಿ ಕೊಟ್ಟಿದ್ದೇ ಹೆಚ್ಚು, ಆದರೆ ಯಂತ್ರಕ್ಕೆ ಬೆಳಕು ಬೇಡ, ಕಿಟಕಿಗೆ ಇಟ್ಟಿಗೆ ಕಟ್ಟುತ್ತಾರೆ, ಕಿಟಕಿ ಇಲ್ಲದೆ ಇವಳು ಬಣ್ಣ ಹಚ್ಚುವುದೆಲ್ಲಿ, ದೀಪದ ಕೆಳಗೆ ಹಚ್ಚಿದ ಕಣ್ಣು ಬೀದಿಗೆ ಬಂದರೆ ಬೇರೆಯವರ ಕಣ್ಣಾಗುತ್ತದೆ, ಬೇರೆ ಜಾಗ ಹಿಡಿಯಬೇಕು, ಬಿಸಿಲು ನೇರ ಬೀಳದ ದೊಡ್ಡ ಕಿಟಕಿಯ ಜಾಗ, ಇವರು ಇಲ್ಲ ಅಂದರೆ ಮುಗಿಯಿತು.

ಇವರನ್ನು ಹುಡುಕಿದ್ದೇ ಒಂದು ಕಥೆ, ಮೊದಮೊದಲು ಸಿಕ್ಕ ಸಿಕ್ಕ ಬಾಗಿಲು ತಟ್ಟಿದ್ದು, ಒಬ್ಬರು ಕೇಳಿದರು ನಿಮ್ಮದು ಅಂಗಡಿಯೋ ಸೇವಾಸಂಸ್ಥೆಯೋ, ಎರಡೂ ಅಂದೆ, ಕೊಡುವವರ ಹತ್ತಿರ ತಗೊಳ್ಳುತ್ತೇವೆ, ಇಲ್ಲದವರಿಗೆ ಸುಮ್ಮನೆ ಕೊಡುತ್ತೇವೆ, ಎರಡೂ ಅನ್ನೋ ಚೌಕ ನಮ್ಮ ಅರ್ಜೀಲಿ ಇಲ್ಲ ಅಂದುಬಿಟ್ಟರು, ಆಮೇಲೆ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತು ಸೊಸೆ ಓದಿ ಹೇಳುವುದು, ನಾನು ಕಣ್ಣು ಮುಚ್ಚಿ ಕೇಳುವುದು — ಅಬ್ಬಾ, ಲೋಕದಲ್ಲಿ ಎಂತೆಂಥವರು ಇದ್ದು ಹೋಗಿದ್ದಾರೆ, ಬೀಗ ಮಾರಿ ಗಳಿಸಿದ್ದನ್ನೆಲ್ಲ ಮುದಿ ಕತ್ತೆಗಳ ಆರೈಕೆಗೆ ಬರೆದಿಟ್ಟವನೊಬ್ಬ, ಮಕ್ಕಳಿಗೆ ಈಜು ಕಲಿಸುವವರಿಗೆ ಮಾತ್ರ ಕೊಡಿ ಅಂದವಳೊಬ್ಬಳು, ಯಾಕೆ ಅಂತ ಎಲ್ಲೂ ಬರೆದಿಲ್ಲ, ಬರೆಯದಿದ್ದರೂ ಸೊಸೆ ಆ ಸಾಲನ್ನು ಇನ್ನೊಮ್ಮೆ ಓದಿದಳು. ಕತ್ತೆಯವನ ಹತ್ತಿರ ಕಣ್ಣಿಗೆ ಕೇಳಬಾರದು, ಉಣ್ಣೆ ಬೇಕೆಂದವರ ಮನೆಯಲ್ಲಿ ಹತ್ತಿ ಬಿಚ್ಚಬಾರದು, ಅಷ್ಟು ತಿಳಿದ ಮೇಲೆ ದಾರಿ ಸಲೀಸಾಯಿತು, ಇವರ ಪ್ರತಿಷ್ಠಾನದ ಮೂಲಪುರುಷ ಯಂತ್ರದ ಚಕ್ರ ತಿರುಗಿಸುವ ಬೆಲ್ಟು ಮಾಡಿ ಮಾರುತ್ತಿದ್ದನಂತೆ, ಅವನ ಕಾರ್ಖಾನೆಯಲ್ಲೇ ಯಾರದೋ ಕೈ ಹೋಯಿತಂತೆ, ಆವತ್ತಿನಿಂದ ಈ ನಿಯಮ, ಸತ್ತು ಎಷ್ಟೋ ಕಾಲವಾಗಿದೆ, ಇವತ್ತಿಗೂ ಅವನ ದುಡ್ಡು ಹೊಸಬರ ಮನೆ ಬಾಗಿಲು ಹುಡುಕಿಕೊಂಡು ಹೋಗುತ್ತಿದೆ, ನಮ್ಮ ಹೆಸರು ಅವನಿಗೆ ಗೊತ್ತಿರಲಿಲ್ಲ, ನಾವು ಹುಟ್ಟಿರಲೇ ಇಲ್ಲ — ಇದನ್ನು ನೆನೆದಾಗಲೆಲ್ಲ ಮೈ ಜುಂ ಅನ್ನುತ್ತದೆ, ಈಗಲೂ, ಇವರು ಚೀಲದ ಬಾಯಿ ಎಳೆದು ಹೊರಡುವ ಸನ್ನಾಹದಲ್ಲಿರುವಾಗಲೂ.

ಬಾಗಿಲಲ್ಲಿ ಗಲಾಟೆ, ಟಿಕೆಟ್ಟಮ್ಮ ಬಂದಳು, ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳಾದ್ದರಿಂದ ನಾನಿಟ್ಟ ಹೆಸರು ಅದು, ಎಡಗಣ್ಣಿಗೆ ಗೆಡ್ಡೆಯಾಗಿ ತೆಗೆಸಿಕೊಂಡವಳು, ಇವತ್ತು ಬಾ ಅಂತ ಸೊಸೆ ಹೇಳಿದ್ದಳಂತೆ, ನನಗೆ ಹೇಳಿರಲಿಲ್ಲ, ಹಿಂದೆ ಅವಳ ಗಂಡ, ಲಾರಿ ಓಡಿಸುವವನು, ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಂಡ. ನೋಡ್ರೀ ಈ ಮನುಷ್ಯನ್ನ, ಅಂದಳು ಅವಳು, ಎರಡು ಕಣ್ಣೂ ಸರಿ ಇದೆ, ಬಾಗಿಲು ಕಾಣಲ್ಲ. ನೀನು ಮುಂದೆ ನಡೀತಿದ್ರೆ ಬಾಗಿಲು ಎಲ್ಲಿ ಕಾಣುತ್ತೆ, ಅಂದ ಅವನು. ಟಿಕೆಟ್ಟಮ್ಮನ ಕಣ್ಣಿಗಾಗಿ ಸೊಸೆ ಮಖಮಲ್ಲು ನೋಡಿದಳು, ಬಟ್ಟಲು ನೋಡಿದಳು, ಖಾಲಿ ಬಟ್ಟಲು, ನನ್ನ ಮುಖ ನೋಡಿದಳು, ಅತ್ತೆ, ಅಂದಳು, ಅಷ್ಟೇ, ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ತಪ್ಪಾಯ್ತು ಕಣೆ, ಚೆಂದ ಕಾಣಲಿ ಅಂತ ಮಾಡಿದೆ, ಅಂದೆ, ಪ್ರತಿಷ್ಠಾನದವರು ನಮ್ಮಿಬ್ಬರನ್ನೂ ನೋಡಿದರು. ಸೊಸೆ ಟಿಕೆಟ್ಟಮ್ಮನನ್ನು ಕಿಟಕಿಯ ಬಳಿ ಕೂರಿಸಿ ಒಂದು ಕಣ್ಣು ಎತ್ತಿ ಕೆನ್ನೆಯ ಪಕ್ಕ ಹಿಡಿದಳು, ಇಟ್ಟಳು, ಇನ್ನೊಂದು, ಮತ್ತೊಂದು, ಮೂರೂ ಅವಳದ್ದೇ ಅನ್ನಬಹುದು, ಸ್ವಲ್ಪ ತಡೀರಿ ಅಕ್ಕಾ, ಗುರುತು ಸಿಗುತ್ತೆ, ಅಂದಳು, ಅಷ್ಟರಲ್ಲಿ ಲಾರಿಯವನು ಎದ್ದು ಬಂದ, ಹೆಂಡತಿಯ ಮುಖ ನೋಡಲಿಲ್ಲ, ಸುಮ್ಮನೆ ಮಖಮಲ್ಲಿನ ಮೇಲೆ ಬಗ್ಗಿ, ಗ್ರೀಸು ಹತ್ತಿದ ದಪ್ಪ ಬೆರಳು, ಮುಟ್ಟದೆ ತೋರಿಸಿದ, ಇದು. ಇದೇ ಇವಳದ್ದು. ಸೊಸೆ ಅದನ್ನು ತಿರುಗಿಸಿ ಅಂಚು ನೋಡಿದಳು, ಹೌದು, ಇವರ ಕಣ್ಣಿನ ಗುಳಿಯ ಅಚ್ಚು ಇದೇ, ಅಂದಳು. ಆದರೆ ಚುಕ್ಕೆ ಎಲ್ಲಿ, ಅಂದ ಅವನು. ಯಾವ ಚುಕ್ಕೆ ಅಣ್ಣಾ, ಈ ಬಲಗಣ್ಣಲ್ಲಿ ಯಾವ ಚುಕ್ಕೆನೂ ಇಲ್ಲವಲ್ಲ. ಬಲಗಣ್ಣಲ್ಲಿ ಇಲ್ಲಮ್ಮ, ಹೋದ ಕಣ್ಣಲ್ಲಿ ಇತ್ತು, ಕೆಳಗಡೆ, ಮೂಗಿನ ಕಡೆ ಸ್ವಲ್ಪ, ಕಂದು ಚುಕ್ಕೆ, ಸಾಸಿವೆ ಕಾಳು ಒಡೆದರೆ ಎಷ್ಟಿರುತ್ತೆ ಅಷ್ಟು. ನನ್ನ ಕಣ್ಣಲ್ಲಿ ಚುಕ್ಕೆನಾ, ನನಗೇ ಗೊತ್ತಿಲ್ಲ, ಇವನಿಗೆ ಯಾವಾಗ ಕಾಣಿಸ್ತೋ, ಅಂದಳು ಹೆಂಡತಿ. ನೀನು ಬೈಯುವಾಗ, ಅಂದ ಅವನು, ಮದುವೆಯಾದಾಗಿಂದ ಬೈಸ್ಕೊಳ್ತಾ ಅದನ್ನೇ ನೋಡ್ತಾ ನಿಂತಿರ್ತೀನಿ, ಇನ್ನೇನು ಮಾಡಲಿ. ಯಾರೂ ನಗಲಿಲ್ಲ, ಮೊದಲು ನಗಬೇಕಾದವಳು ಅವಳು, ಅವಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಸೊಸೆ ಕುಂಚದ ತುದಿಯನ್ನು ತುಟಿಯ ನಡುವೆ ಎಳೆದು ಚೂಪು ಮಾಡಿಕೊಂಡಳು, ಹೇಳಿ ಅಣ್ಣಾ, ಇಲ್ಲೇನಾ, ಇನ್ನೂ ಕೆಳಗಾ, ಇನ್ನೊಂದು ಚೂರು, ಅಂದ ಅವನು, ಹಾಂ, ಸಾಕು, ಅಷ್ಟು ಕಪ್ಪು ಬೇಡ, ಬೆಲ್ಲದ ಬಣ್ಣ.

ನೀರು ಕುದಿಯುತ್ತಿದೆ, ಮೆರುಗಿನ ಪದರ ಗಟ್ಟಿಯಾಗಬೇಕು, ಅಚ್ಚನ್ನು ಬಿಗಿದು ಬಿಸಿನೀರಿಗೆ ಬಿಟ್ಟರೆ ಆತುರ ನಡೆಯುವುದಿಲ್ಲ, ಹೊರಟಿದ್ದ ಪ್ರತಿಷ್ಠಾನದವರು ಕಾರು ಕಾಯಿಸಿ ಕೂತೇ ಇದ್ದಾರೆ, ಚೀಲ ನೆಲಕ್ಕೆ ಇಟ್ಟಿದ್ದಾರೆ, ನಾನು ಒಂದೊಂದಾಗಿ ಕಣ್ಣುಗಳನ್ನು ಬಟ್ಟಲಿಗೆ ಮರಳಿಸುತ್ತಿದ್ದೇನೆ, ಸೊಸೆ ಹೆಸರು ಹೇಳುತ್ತಿದ್ದಾಳೆ, ಗೊತ್ತಾಗದ ಎರಡನ್ನು ಪಕ್ಕಕ್ಕಿಟ್ಟಿದ್ದಾಳೆ, ಅವರು ಬಂದಾಗ ನೋಡೋಣ ಬಿಡಿ ಅತ್ತೆ, ಬೈಯಲಿಲ್ಲ, ನಾನಾಗಿದ್ದರೆ ಬೈಯುತ್ತಿದ್ದೆ. ಪ್ರತಿಷ್ಠಾನದವರು ಟಿಕೆಟ್ಟಮ್ಮನನ್ನು ಕೇಳುತ್ತಿದ್ದಾರೆ, ಈಗ ಕೆಲಸಕ್ಕೆ ಹೋಗ್ತಿಲ್ವಾ. ಹೋಗ್ತೀನಿ, ಹಿಂದಿನ ಕೋಣೇಲಿ ಕೂರಿಸಿದ್ದಾರೆ, ಸಿಕ್ಕಿದ ಸಾಮಾನಿಗೆ ಚೀಟಿ ಅಂಟಿಸೋದು, ಮರೆತು ಹೋದ ಕೊಡೆ, ಮರೆತು ಹೋದ ಬುತ್ತಿ. ಟಿಕೆಟ್ ಕಿಟಕೀಲಿ ಕೂತ್ರೆ ಜನ ಮಾತಾಡೋದು ಬಿಟ್ಟು ಕಣ್ಣಿಗೆ ಕಟ್ಟಿದ ಪಟ್ಟಿ ನೋಡ್ತಾರೆ, ಮೇಲಿನವರು ಬೇಡ ಅಂದ್ರು. ಇವಳು ಕಿಟಕಿ ಬಿಟ್ಟ ಮೇಲೆ ಮನೇಲಿ ಜೋರಾಗಿ ಮಾತಾಡೋದೇ ನಿಂತ್ಹೋಯ್ತು ಮೇಡಂ, ಅಂದ ಲಾರಿಯವನು, ಇವತ್ತು ಬಾಗಿಲಲ್ಲಿ ಬೈದಳಲ್ಲ, ಎಷ್ಟು ದಿನ ಆಗಿತ್ತು. ನಾನು ಎಷ್ಟು ಮಾತು ಕಟ್ಟಿಟ್ಟುಕೊಂಡಿದ್ದೆ ಇವರ ಮುಂದೆ ಹೇಳಲು, ಮಖಮಲ್ಲಿನ ಬದಲು ಈ ಇಬ್ಬರನ್ನು ಕೂರಿಸಿದ್ದರೆ ಸಾಕಿತ್ತು, ಎಷ್ಟು ಮನೆ ಸುತ್ತಿದರೇನು, ಯಾರ ಮನೆಯ ಒಳಗೂ ಇಂಥದ್ದು ಇದೆ ಅಂತ ನನಗೆ ಕಾಣಲಿಲ್ಲವಲ್ಲ, ಬಾಗಿಲಲ್ಲಿ ನಿಂತು ಬಟ್ಟೆ ತೋರಿಸಿ ಬಂದೆ, ಒಳಗೆ ಗಂಡಸೊಬ್ಬ ಬೈಸಿಕೊಳ್ಳುತ್ತಾ ಒಂದು ಚುಕ್ಕೆ ನೋಡುತ್ತಾ ನಿಂತಿದ್ದ.

ಸೊಸೆ ಅಚ್ಚು ಬಿಚ್ಚಿದಳು, ಉಜ್ಜಿದಳು, ತೊಳೆದಳು, ಮೇಲೆ ನೋಡಿ ಅಕ್ಕಾ, ಈಗ ಕೆಳಗೆ, ರೆಪ್ಪೆ ಬಡೀರಿ, ಕನ್ನಡಿ ಕೊಡಲು ಹೋದಳು, ಟಿಕೆಟ್ಟಮ್ಮ ಕನ್ನಡಿ ತೆಗೆದುಕೊಳ್ಳಲಿಲ್ಲ, ಗಂಡನ ಕಡೆ ತಿರುಗಿದಳು, ಏನು ಹಾಗೆ ನಿಂತಿದ್ದೀಯ, ಸರಿ ಇದೆಯೋ ಇಲ್ಲವೋ ಬಾಯಿ ಬಿಟ್ಟು ಹೇಳು, ಲಾರಿ ಓಡಿಸೋನಿಗೆ ನಾಲಿಗೆ ಇಲ್ವಾ, ಎಷ್ಟು ಹೊತ್ತು ಜನ ಕಾಯಬೇಕು — ಜೋರು, ಕಾರಿಡಾರಿನ ಕೊನೆಯವರೆಗೆ ಕೇಳುವ ಜೋರು, ಟಿಕೆಟ್ ಕಿಟಕಿಯ ಜೋರು, ಅವನು ತಲೆ ಸ್ವಲ್ಪ ಬಗ್ಗಿಸಿ ನಿಂತಿದ್ದಾನೆ, ನೋಡುತ್ತಿದ್ದಾನೆ. ನನ್ನ ಪಕ್ಕದಲ್ಲಿ ಯಾರೋ ಮೆಲ್ಲಗೆ ಏನೋ ಕೇಳುತ್ತಿದ್ದಾರೆ, ಪ್ರತಿಷ್ಠಾನದವರು, ಹೊಸ ಜಾಗದಲ್ಲಿ ಕಿಟಕಿ ಎಷ್ಟು ಅಗಲ ಇರಬೇಕಮ್ಮ, ಸಮಿತಿಗೆ ನಾನು ಹೇಳ್ತೀನಿ, ಒಪ್ಪಿಸ್ತೀನಿ, ಅಗಲ ಎಷ್ಟು ಹೇಳಿ, ಹೇಳಬೇಕು, ಇಷ್ಟು ತಿಂಗಳಿಂದ ಕೇಳಲಿ ಅಂತ ಕಾದ ಪ್ರಶ್ನೆ, ಆದರೆ ಟಿಕೆಟ್ಟಮ್ಮ ಬೈಯುತ್ತಲೇ ಇದ್ದಾಳೆ, ಬೆಳಕು ಅವಳ ಮುಖದ ಮೇಲೆ ಇದೆ, ಎಡಗಣ್ಣಲ್ಲಿ, ಕೆಳಗಡೆ, ಮೂಗಿನ ಕಡೆ ಸ್ವಲ್ಪ, ಕಂದು ಚುಕ್ಕೆ, ಕಂದು ಚುಕ್ಕೆ —