ಡೆಲ್ಬರ್ಟ್ ಕೊಟ್ಟ ತಾರೀಖು

ಡೆಲ್ಬರ್ಟ್ ಸ್ಲೋನ್ ಯಾವುದೇ ಅಂಕಿಯನ್ನು ಮೂರು ಸಲಕ್ಕಿಂತ ಕಡಿಮೆ ಉಚ್ಚರಿಸಿದ್ದನ್ನು ಕೆಂಟಕಿಯ ಗುಡ್ಡಗಳ ನಡುವಿನ ನಮ್ಮ ಊರಿನಲ್ಲಿ ಯಾರೂ ಕೇಳಿಲ್ಲ. ಮದುವೆಯ ದಿನ ಪಾದ್ರಿ ವಯಸ್ಸು ಕೇಳಿದಾಗಲೂ ಮೂರು ಸಲ ಹೇಳಿದನಂತೆ. ಹೇಳಿ ಮುಗಿಸುವಷ್ಟರಲ್ಲಿ ವಧುವಿಗೆ ಒಂದು ವರ್ಷ ಹೆಚ್ಚಾಗಿತ್ತೆಂದು ನಾನು ಐವತ್ತು ವರ್ಷಗಳಿಂದ ಸಾರುತ್ತಿದ್ದೇನೆ, ಆಕೆ ಅಲ್ಲಗಳೆದಿಲ್ಲ.

ಮೂವತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮೇಲೆ, ಪ್ರತಿ ಫೆಬ್ರವರಿಯಲ್ಲೂ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕುಳಿತು, ದುಡಿದುಣ್ಣುವವರ ತೆರಿಗೆಯ ವಿವರಗಳನ್ನು ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿ ತುಂಬಿ ಕಳಿಸುತ್ತಿದ್ದ. ನಾನು ಕಾಫಿ ಕಾಸುವವನು. ಡೆಲ್ಬರ್ಟ್‌ನದು ಬಸ್ಸಿನ ಸೀಟಿಗೆ ಉಜ್ಜಿ ಉಜ್ಜಿ ಬೆನ್ನು ನುಣ್ಣಗಾದ ಕಂದು ಕೋಟು, ಬ್ರೇಕನ್ನು ಒತ್ತುತ್ತಲೇ ಮುಂದೆ ಸಾಗುವಂಥ ಮಂದಗಮನ. ಎರಡು ಪುಸ್ತಕದ ಕಪಾಟುಗಳ ನಡುವೆಯೂ ಎಡಬಲ ನೋಡದೆ ತಿರುಗಿದವನಲ್ಲ.

ಹಾಗೆ ಕಳಿಸಿದರೆ ಹೆಚ್ಚಾಗಿ ಮುರಿದುಕೊಂಡ ತೆರಿಗೆಯ ರೀಫಂಡ್ ಇಪ್ಪತ್ತೊಂದು ದಿನದೊಳಗೆ ಬ್ಯಾಂಕ್ ಖಾತೆಗೆ ಬರುವುದು ವಾಡಿಕೆ. ಹಣ ಎಲ್ಲಿದೆಯೆಂದು ತೋರಿಸುವ ಸರ್ಕಾರದ ಪುಟ ಬದಲಾಗುವುದು ದಿನಕ್ಕೊಮ್ಮೆ. ನಮ್ಮವರು ಅದನ್ನು ದಿನಕ್ಕೆ ನಾನೂರು ಸಲ ತಿಕ್ಕಿ ಫೋನಿನ ಗಾಜಿನಲ್ಲಿ ಹಳ್ಳ ಬೀಳಿಸುತ್ತಾರೆ.

ಅಂಥ ಒಂದು ಫೆಬ್ರವರಿ ಐದರಂದು, ಆಲಿಕಲ್ಲಿನ ಮಳೆಯಲ್ಲಿ ನಾಲ್ಕು ಮೈಲಿ ನಡೆದು ತಾನ್ಯಾ ಫ್ರೇಲಿ ಬಂದಳು. ವೃದ್ಧಾಶ್ರಮದಲ್ಲಿ ದಾದಿಯ ಕೆಲಸ. ಕಾರಿನ ಗೇರ್‌ಬಾಕ್ಸ್ ಸತ್ತಿತ್ತು. ತಾಯಿ ಒಪಲ್‌ಳನ್ನು ವಾರಕ್ಕೆ ಮೂರು ದಿನ ನಲವತ್ತು ಮೈಲಿ ದೂರ ಡಯಾಲಿಸಿಸ್‌ಗೆ ಒಯ್ಯಬೇಕು. ಎರವಲು ತಂದ ಗಾಡಿ ತಿಂಗಳ ಕೊನೆಯವರೆಗೆ ಮಾತ್ರ.

"ಹೆದ್ದಾರಿಯ ತೆರಿಗೆ ಅಂಗಡಿಯವರು ಮುನ್ನೂರು ಡಾಲರ್ ಮುರ್ಕೊಂಡು ರೀಫಂಡ್ ದುಡ್ಡನ್ನ ನಾಳೆಯೇ ಕೊಡ್ತಾರಂತೆ ತಾತ."

"ಸುಮ್ನಿರು ಮಗಳೇ. ಇಪ್ಪತ್ತಾರರೊಳಗೆ ಪೂರ್ತಿ ಬರುತ್ತೆ, ನನ್ನ ಮಾತು. ಎಲ್ಲಿ, ಚೆಕ್ ಹಾಳೆ?"

"ಮುಗಿದುಹೋಗಿದೆ. ಬ್ಯಾಂಕಿಗೆ ದುಡ್ಡು ಕಟ್ಟೋ ಚೀಟಿ ಇದೆಯಲ್ಲ, ಅದರಲ್ಲೂ ಖಾತೆ ನಂಬರಿದೆ."

ಚೆಕ್ ಹಾಳೆಯಿಲ್ಲದೆ ಬಂದ ಪಾದ್ರಿಯನ್ನೇ ಮನೆಗೆ ಅಟ್ಟಿದ್ದವನು ಡೆಲ್ಬರ್ಟ್. ಆ ಚೀಟಿಯಲ್ಲಿ ಕೆಲವೊಮ್ಮೆ ಬ್ಯಾಂಕಿನ ಒಳವ್ಯವಹಾರದ ಸಂಖ್ಯೆ ಇರುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಅವಳ ಬೂಟುಗಳಿಂದ ನೆಲಕ್ಕೆ ನೀರು ಹರಿಯುತ್ತಿರುವುದನ್ನು ನೋಡಿದ. "ಇರಲಿ, ಕೊಡು" ಎಂದ. ಮೂರು ಸಲ ಓದಿದ. ಮೂರು ಸಲವೂ ನಿರ್ದುಷ್ಟವಾಗಿ ಓದಿದ, ತಪ್ಪು ಸಂಖ್ಯೆಯನ್ನು.

ಒಬ್ಬರಿಗೆ ಒಂಬತ್ತು ದಿನಕ್ಕೆ ಬಂತು, ಇನ್ನೊಬ್ಬರಿಗೆ ಹನ್ನೊಂದಕ್ಕೆ. ಇಪ್ಪತ್ತಾರು ಕಳೆಯಿತು. ತಾನ್ಯಾಳ ಹಣ ಬ್ಯಾಂಕಿನ ಹೊಸ್ತಿಲಿನಿಂದ ಹಿಂದಿರುಗಿತ್ತು. ಇನ್ನು ಕಾಗದದ ಚೆಕ್ ಅಂಚೆಯಲ್ಲಿ ಬರಬೇಕು, ಐದಾರು ವಾರ.

ಅವಳು ಮೆಟ್ಟಿಲಿಳಿದು ಬಂದಾಗ ನಾನು ಕಾಫಿ ಪಾತ್ರೆಯ ಹಿಂದೆ ಸರಿದೆ.

"ನಿಮ್ಮ ಮಾತು ಕೇಳಿ ಕೆಟ್ಟೆ ತಾತ! ಅಮ್ಮನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗ್ಲಾ?"

"ತಪ್ಪು ನಂದೇ" ಎಂದ ಡೆಲ್ಬರ್ಟ್. ಕೋಟಿನ ಗುಂಡಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿದ. "ಸೋಮವಾರ ಎಷ್ಟು ಗಂಟೆಗೆ ಹೊರಡಬೇಕು?"

"ಐದೂವರೆಗೆ."

"ಐದೂಕಾಲಿಗೆ ಬಾಗಿಲಲ್ಲಿರ್ತೀನಿ."

ಆರು ವಾರ, ವಾರಕ್ಕೆ ಮೂರು ದಿನ, ತನ್ನ ಕಾರಿನಲ್ಲಿ ಒಪಲ್‌ಳನ್ನು ಒಯ್ದ. ಒಮ್ಮೆ ನಾನೂ ಹಿಂದೆ ಕುಳಿತಿದ್ದೆ. ನಮ್ಮನ್ನು ಹಿಂದಿಕ್ಕಿದ ಬಸವನಹುಳುಗಳು ಮರಿ ಹಾಕಿ, ಮರಿಗಳೂ ಹಿಂದಿಕ್ಕಿದವು. ರೈಲುಗೇಟು ಬಂದಲ್ಲೆಲ್ಲ ಬಸ್ಸಿನ ಕಾಲದ ಅಭ್ಯಾಸದಂತೆ ಪೂರ್ತಿ ನಿಲ್ಲಿಸಿ, ಕಿಟಕಿ ಇಳಿಸಿ, ಕಿವಿಗೊಡುತ್ತಿದ್ದ.

"ಲೋ ಡೆಲ್ಬರ್ಟ್, ರೈಲು ನಿಂತು ಮೂವತ್ತು ವರ್ಷ ಆಯ್ತು ಕಣೋ! ಹಳಿ ಕಿತ್ತು ಮಾರ್ಕೊಂಡ್ರು!"

"ಕೇಳಿಸ್ಕೊಂಡ್ರೆ ಏನು ಹೋಗುತ್ತೆ ಒಪಲ್?"

"ನೀನು ಹೀಗೇ ಓಡ್ಸು, ನಾವು ತಲುಪೋಷ್ಟರಲ್ಲಿ ನಂಗೆ ಹೊಸ ಕಿಡ್ನಿ ಬೆಳೆದಿರುತ್ತೆ."

ಏಪ್ರಿಲಿನಲ್ಲಿ ಚೆಕ್ ಬಂತು, ಕಾರು ರಿಪೇರಿಯಾಯಿತು. "ಇನ್ನು ತೊಂದ್ರೆ ತಗೋಬೇಡಿ ತಾತ" ಎಂದು ತಾನ್ಯಾ ಹೇಳಲು ಬಂದರೆ, ಹಿಂದೆಯೇ ಒಪಲ್ ಗದರಿದಳು: "ಬುಧವಾರ ಮಾತ್ರ ಅವನೇ ಬರ್ಲಿ. ನಂಗೆ ಬೈಯೋಕೆ ಒಬ್ಬರು ಬೇಕು."

ಹಣ ಈಗ ಮಿಂಚಿನ ವೇಗದಲ್ಲಿ ಬರುತ್ತದೆ, ನಿಜ. ಬಾರದೆ ನಿಂತ ದಿನಗಳನ್ನು ಮಾತ್ರ ಮನುಷ್ಯರೇ ಒಬ್ಬರನ್ನೊಬ್ಬರು ಕರೆದುಕೊಂಡು ದಾಟಬೇಕು. ನಿಯಮನಿಷ್ಠರು ಕರುಣೆಗಾಗಿ ಒಮ್ಮೆ ಎಡವಿದರೆ, ಬಹುಪಾಲು ಅಂದಿನಿಂದ ಕರುಣೆಯನ್ನೇ ತೊರೆಯುತ್ತಾರೆ. ಡೆಲ್ಬರ್ಟ್‌ನ ಬಗೆಯವರು ಎಡವಿದ್ದರ ದಂಡವನ್ನು ತಮ್ಮ ಮೈಯಿಂದಲೇ ತೆತ್ತು, ಮರುವರ್ಷ ಮಳೆಯಲ್ಲಿ ನೆನೆದು ಬಂದವರಿಗೂ ಮೊದಲು ಕುರ್ಚಿ ಎಳೆದು ಕೊಡುತ್ತಾರೆ.