ಮೀಟರಪ್ಪನ ಮೂವತ್ತೈದು

ಅವನಿಗೆ ಮೀಟರಪ್ಪ ಅಂತ ಹೆಸರಿಟ್ಟವರು ಗಿರಾಕಿಗಳೇ. ಗಿಟಾರಿನ ಆಂಪ್ಲಿಫೈಯರ್ ರಿಪೇರಿಗೆ ತಂದವರು ಯಾರೇ ಇರಲಿ, ಸದ್ದು ಯಾಕೋ ಸರಿಯಿಲ್ಲ ಎಂದು ರಾಗ ಎಳೆದರೆ ಸಾಕು, ಅವನು ಕರೆಂಟು ಅಳೆಯುವ ಮೀಟರನ್ನು ಅವರ ಮೂಗಿನ ಕೆಳಗೆ ಹಿಡಿದು, ಕಿವಿ ಸುಳ್ಳು ಹೇಳುತ್ತೆ, ಇದು ಹೇಳಲ್ಲ ಅನ್ನುತ್ತಿದ್ದ. ಇಪ್ಪತ್ತು ವರ್ಷದಿಂದ ಅದೇ ಮಾತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ. ಆದರೂ ಕೆಲಸ ಅಚ್ಚುಕಟ್ಟು, ಹಾಗಾಗಿ ಜನ ಸಹಿಸಿಕೊಂಡಿದ್ದರು.

ಅಂಥವನು ಒಂದು ಶುಕ್ರವಾರ ಬೆಳಗ್ಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು, ಅದೇ ಮೀಟರನ್ನು ಕೈಯಲ್ಲಿ ಹಿಡಿದು ಬೆವರುತ್ತಿದ್ದ.

ಆದದ್ದು ಇಷ್ಟು. ಬೆಳಗ್ಗೆ ಬಂದವನೇ ಮೀಟರ್ ಹಾಕಿದರೆ ಅದು ಪೂರ್ತಿ ಕಣ್ಣು ಮುಚ್ಚಿತ್ತು. ಹೊಸ ಬ್ಯಾಟರಿ ತುರುಕಿದ. ಹಿಂದಿನ ದಿನ ತಾನೇ ಹೊಂದಿಸಿ ಮೂವತ್ತೈದಕ್ಕೆ ನಿಲ್ಲಿಸಿದ್ದ ಒಂದು ಬಾಸ್ ಗಿಟಾರಿನ ಆಂಪ್ ಮೇಜಿನ ಮೇಲೆಯೇ ಇತ್ತು. ಸುಮ್ಮನೆ ಮತ್ತೊಮ್ಮೆ ಅಳೆದ. ಇಪ್ಪತ್ತೆರಡು ಅಂತು. ಮೀಟರಿನ ಕಡ್ಡಿಗಳನ್ನು ಒರೆಸಿ ಇನ್ನೊಮ್ಮೆ ಅಳೆದ. ಮತ್ತೂ ಇಪ್ಪತ್ತೆರಡೇ.

ಬಾಸ್ ಆಂಪಿನೊಳಗಿನ ಗಾಜಿನ ಕೊಳವೆಗಳಲ್ಲಿ, ಅಂದರೆ ವಾಲ್ವ್‌ಗಳಲ್ಲಿ, ಯಾರೂ ನುಡಿಸದೆ ಇರುವಾಗಲೂ, ಒಂದಿಷ್ಟು ಕರೆಂಟು ಹರಿಯುತ್ತಲೇ ಇರಬೇಕು, ಒಲೆಯ ಮೇಲೆ ಸಣ್ಣ ಉರಿ ಇಟ್ಟ ಹಾಗೆ. ಅದನ್ನು ಹದಕ್ಕೆ ತರುವುದಕ್ಕೇ ಬಯಾಸ್ ಹೊಂದಿಸುವುದು ಅನ್ನುತ್ತಾರೆ. ಒಂದು ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಮೀಟರ್ ಮೂವತ್ತೈದಕ್ಕೆ ಬರುವುದನ್ನು ನೋಡುವುದು, ಅಷ್ಟೇ. ಹೆಚ್ಚಾದರೆ ವಾಲ್ವ್ ಸುಟ್ಟುಹೋಗುತ್ತದೆ. ಕಡಿಮೆಯಾದರೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ಮೆಲ್ಲಗೆ ನುಡಿಸಿದ ಸ್ವರ ಮಾತ್ರ ಒಣಗಿ, ಕೊನೆಯಲ್ಲಿ ಗೊರಗೊರ ಅನ್ನುತ್ತದೆ. ಜೋರಾಗಿ ಬಾರಿಸುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಅವನ ಅಕ್ಕ ಮೆಲ್ಲಗೆ ನುಡಿಸುವವಳು.

ಬ್ಯಾಟರಿ ಸಾಯುವ ಕಾಲಕ್ಕೆ ಮೀಟರ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮೂರು ತಿಂಗಳ ಹಿಂದೆಯೇ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗುರುತು ಮಿಟುಕಲು ಶುರುವಾಗಿತ್ತು. ನಾಳೆ ಬದಲಿಸಿದರಾಯಿತು ಅಂದುಕೊಂಡ. ಮಿಟುಕುವುದು ಕಣ್ಣಿಗೆ ಕಿರಿಕಿರಿ ಅನ್ನಿಸಿ, ಅದರ ಮೇಲೊಂದು ಚೂರು ಕಪ್ಪು ಟೇಪ್ ಅಂಟಿಸಿದ. ಯಾರೂ ಮಾಡಿಸಿದ್ದಲ್ಲ, ತನ್ನ ಕೈಯಾರೆ ಅಂಟಿಸಿದ್ದು. ಈಗ ಆ ಟೇಪಿನ ಚೂರನ್ನು ನೋಡುತ್ತಿದ್ದರೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಕ್ಕ ಒಂದು ವಾದ್ಯತಂಡದಲ್ಲಿ ಹತ್ತೊಂಬತ್ತು ವರ್ಷ ಬಾಸ್ ನುಡಿಸಿದವಳು. ಈ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಕೈ ಪಟ್ಟಿಯಲ್ಲಿದ್ದಾಗ, ಸುಮ್ಮನಿದೆಯಲ್ಲ ಎಂದು ಅವಳ ಆಂಪಿಗೆ ಅವನು ಹೊಸ ವಾಲ್ವ್ ಹಾಕಿ ಬಯಾಸ್ ಹೊಂದಿಸಿ ಕೊಟ್ಟಿದ್ದ. ಪಟ್ಟಿ ಬಿಚ್ಚಿದ ಮೇಲೆ ಅವಳು ರಬ್ಬರ್ ಚೆಂಡು ಹಿಸುಕಿ ಹಿಸುಕಿ ಕೈಗೆ ಬಲ ತಂದುಕೊಂಡು ನುಡಿಸಲು ಕೂತಳು. ಸದ್ದು ಹಿಂದಿನ ಹಾಗೆ ಬರಲಿಲ್ಲ. ಎರಡು ವಾರ ಹೆಣಗಾಡಿ, ಕೊನೆಗೆ ಆಂಪಿನ ಪೆಟ್ಟಿಗೆಯನ್ನು ಗಾಡಿಗೆ ಹೇರಿಕೊಂಡು, ಗಿಟಾರನ್ನೂ ಹೆಗಲಿಗೆ ಹಾಕಿಕೊಂಡು ತಮ್ಮನ ಅಂಗಡಿಗೆ ಬಂದಿದ್ದಳು.

“ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗೋದು ಬೇಡ ಪುಟ್ಟಾ. ನೀನೇ ನೋಡಿ ಹೇಳು. ನನ್ನ ಕೈಯಾ, ಈ ಪೆಟ್ಟಿಗೆಯಾ?”

ಅವನು ಅಳೆದ. ಮೂವತ್ತೈದು. ಪೆಟ್ಟಿಗೆ ಸರಿಯಾಗೇ ಇದೆ ಅಕ್ಕ, ಅಂದ. ಒಂದು ಸಲ ನುಡಿಸಿ ತೋರಿಸಲಾ ಎಂದು ಅವಳು ಕೇಳಿದಳು. ಬೇಡ, ಮೀಟರ್ ನೋಡಿದೆನಲ್ಲ ಅಂದ. ಕೈಯ ಮಾತನ್ನು ಅವನು ಎತ್ತಲಿಲ್ಲ, ಎತ್ತಬೇಕಾದ ಅಗತ್ಯವೂ ಇರಲಿಲ್ಲ.

ಅವತ್ತೇ ಸಂಜೆ ಅವಳು ತಂಡದ ಡ್ರಮ್ಮರ್‌ಗೆ ಫೋನ್ ಮಾಡಿ, ನನ್ನ ಕೈ ಹೋಯಿತು, ಬೇರೆಯವರನ್ನು ನೋಡಿಕೊಳ್ಳಿ ಅಂದಳು. ಅವರು ನೋಡಿಕೊಂಡರು. ತಂಡ ಹೊಸ ಬಾಸ್‌ನವನ ಜೊತೆ, ಪ್ರಯಾಣಿಕರ ಹಡಗೊಂದರಲ್ಲಿ ವರ್ಷವಿಡೀ ನುಡಿಸಲು ಹೊರಟುಹೋಗಿ ಹತ್ತು ದಿನವಾಗಿತ್ತು. ಅಕ್ಕ ಈಗ ಭಾವನ ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು.

ಅಂಗಡಿಗೆ ಬೀಗ ಜಡಿದು ಹೊರಟಾಗ ಅವನ ತಲೆಯಲ್ಲಿದ್ದದ್ದು ಒಂದೇ ಉಪಾಯ. ಸರ್ವಿಸ್ ಅಂತ ನೆಪ ಹೇಳುವುದು, ಸದ್ದಿಲ್ಲದೆ ಸರಿ ಮಾಡುವುದು, ಎದ್ದು ಬರುವುದು. ಹೇಡಿಗಳ ಉಪಾಯಗಳೆಲ್ಲ ಹೀಗೆಯೇ ಇರುತ್ತವೆ, ಅವುಗಳಲ್ಲಿ ಯಾರಿಗೂ ಏನೂ ಹೇಳಬೇಕಾಗಿ ಬರುವುದಿಲ್ಲ.

ಟೈಲರ್ ಅಂಗಡಿಯ ಹಿಂದೆಯೇ ಮನೆ. ಮುಂದಿನ ಕೋಣೆಯಲ್ಲಿ ಆಂಪಿನ ಮೇಲೆ ಇಸ್ತ್ರಿಯಾದ ಅಂಗಿಗಳ ರಾಶಿ. ಅಕ್ಕ ದಾರವನ್ನು ಒಂದೇ ಏಟಿಗೆ ಸೂಜಿಗೆ ಪೋಣಿಸಿದ್ದನ್ನು ಅವನು ಬಾಗಿಲಲ್ಲೇ ನಿಂತು ನೋಡಿದ. ಆ ಬೆರಳುಗಳಿಗೆ ಏನೂ ಆಗಿರಲಿಲ್ಲ. ತಮ್ಮ ಹೇಳದೆ ಕೇಳದೆ ಬಂದನೆಂದು ಅವಳಿಗೆ ಖುಷಿ. ಇನ್ನು ಇದಕ್ಕೆ ಯಾಕೋ ಸರ್ವಿಸ್ ಎಂದು ನಗುತ್ತಲೇ ಅಂಗಿಗಳನ್ನು ಎತ್ತಿಟ್ಟಳು.

ಹಿಂದಿನ ಹಲಗೆ ಬಿಚ್ಚಿ, ವಾಲ್ವ್‌ಗಳು ಕಾಯುವವರೆಗೆ ಕಾದು, ಅವನು ಅಳೆದ. ಇಪ್ಪತ್ತೊಂದು. ತಿರುಪು ತಿರುಗಿಸಿ ನಿಜವಾದ ಮೂವತ್ತೈದಕ್ಕೆ ತಂದು, ತಲೆ ಎತ್ತದೆಯೇ, ಒಂಚೂರು ನುಡಿಸಿ ನೋಡು ಅಂದ. ಅವಳು ಒಲ್ಲೆ ಅಂದಳು. ಎರಡು ಸಲ ಕೇಳಿದ ಮೇಲೆ ಗಿಟಾರ್ ತೆಗೆದಳು.

ಮೊದಲ ಸ್ವರಕ್ಕೇ ಕಿಟಕಿಯ ಗಾಜು ಹಗುರವಾಗಿ ಅದುರಿತು. ದುಂಡಗೆ, ತುಂಬಿಕೊಂಡು ಬಂದ ಸ್ವರ ಕೊನೆಯವರೆಗೂ ಒಡೆಯಲಿಲ್ಲ. ಅವಳು ಬೆರಳುಗಳನ್ನೇ ನೋಡಿಕೊಂಡು ಇನ್ನೊಂದು ನುಡಿಸಿದಳು, ಮತ್ತೊಂದು ನುಡಿಸಿದಳು. ಕತ್ತಿಗೆ ಅಳತೆ ಟೇಪ್ ನೇತುಹಾಕಿಕೊಂಡ ಭಾವ ಅಂಗಡಿಯಿಂದ ಇಣುಕಿ ಬಾಗಿಲಿಗೆ ಒರಗಿ ನಿಂತ.

“ಕೈ ಬಂತು ಕಣೋ. ಸ್ವಲ್ಪ ತಡವಾಯ್ತು, ಆಗ್ಲಿ ಬಿಡು,” ಅಂದಳು ಅಕ್ಕ. ಕಣ್ಣು ಒದ್ದೆಯಾಗಿತ್ತು. “ಅವತ್ತು ಬೇರೆ ಯಾರಾದ್ರೂ ಆಗಿದ್ರೆ, ನನ್ನ ಮನಸ್ಸು ನೋಯ್ಬಾರ್ದು ಅಂತ ತಪ್ಪನ್ನ ಪೆಟ್ಟಿಗೆ ಮೇಲೆ ಹಾಕಿರೋರು. ನೀನು ಇದ್ದದ್ದು ಇದ್ದ ಹಾಗೆ ಹೇಳ್ದೆ. ಅದಕ್ಕೇ ನಂಬಿದ್ದು.”

ಇಲ್ಲಿಗೆ ಎದ್ದು ಬರಬಹುದಿತ್ತು. ಅವಳಿಗೆ ಕೈ ಬಂದ ಸಂತೋಷ, ಅವನಿಗೆ ಸತ್ಯವಂತನೆಂಬ ಬಿರುದು. ಆದರೆ ಆ ಬಿರುದು ಅವನಿಗೆ ಬಿಸಿ ತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಸ್ಕ್ರೂ ಡ್ರೈವರನ್ನು ನೆಲದ ಮೇಲಿಟ್ಟು ಅವನು ಎಲ್ಲವನ್ನೂ ಹೇಳಿದ. ಬ್ಯಾಟರಿಯಿಂದ ಶುರುಮಾಡಿದ. ಟೇಪಿನ ಮಾತನ್ನು ಬಿಟ್ಟುಬಿಡೋಣ ಅನ್ನಿಸಿತು, ಬಿಡಲಿಲ್ಲ. ನಿನ್ನ ಕೈಗೆ ಏನೂ ಆಗಿರಲೇ ಇಲ್ಲ ಅಕ್ಕ, ಅಂದ.

ಅಕ್ಕ ಗಿಟಾರನ್ನು ತೊಡೆಯಿಂದ ಇಳಿಸಿ ಗೋಡೆಗೆ ಒರಗಿಸಿದಳು.

“ನಂಗೆ ಕೇಳಿಸ್ತಾ ಇತ್ತು,” ಅಂದಳು. “ಎರಡು ವಾರ ದಿನಾ ಕೇಳಿಸ್ತಾ ಇತ್ತು. ನುಡಿಸಿ ತೋರಿಸ್ತೀನಿ ಅಂದ್ರೂ ನೀನು ಕೇಳ್ಲಿಲ್ಲ.”

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡ್ರಮ್ಮರ್‌ಗೆ ತಾನೇ ಫೋನ್ ಮಾಡಿ ಹೇಳುತ್ತೇನೆ ಎಂದು ಅವನು ತೊದಲಿದ. ಭಾವ ನಿಂತಲ್ಲಿಂದಲೇ, ಹಡಗು ಹಿಂದಕ್ಕೆ ಬರುತ್ತಾ ಅಂದ.

“ಟೇಪ್ ಅಂಟಿಸಿದ್ಮೇಲೆ ಆ ಮೀಟರ್ ಇಟ್ಕೊಂಡು ಎಷ್ಟು ಪೆಟ್ಟಿಗೆ ಸರಿ ಮಾಡಿದೀಯ?” ಎಂದು ಅಕ್ಕ ಕೇಳಿದಳು.

ಇದನ್ನು ಬಿಟ್ಟು ಹತ್ತು, ಅಂದ ಅವನು.

“ಅವರಿಗೆ ಹೇಳಿದೀಯಾ?”

ಇಲ್ಲ. ಒಬ್ಬೊಬ್ಬರನ್ನೇ ಸರ್ವಿಸ್ ನೆಪದಲ್ಲಿ ಕರೆಸಿ ಸರಿ ಮಾಡಿಕೊಡೋಣ ಅಂದುಕೊಂಡಿದ್ದೆ ಎಂದು ಅವನು ಹೇಳಬೇಕಾಯಿತು.

“ಇಲ್ಲೇ ಕೂತು ಫೋನ್ ಮಾಡು. ಅವರಲ್ಲೂ ಯಾರಾದ್ರೂ ತಮ್ಮ ಕೈ ನೋಡ್ಕೊಂಡು ಕೂತಿರ್ತಾರೆ.”

ನೀನು ನನ್ನ ಕ್ಷಮಿಸ್ತೀಯಾ ಎಂದು ಕೇಳಲು ಬಾಯಿ ತೆರೆದವನು, ಅವಳ ಮುಖ ನೋಡಿ ಮುಚ್ಚಿಕೊಂಡ. ಫೋನ್ ತೆಗೆದು ಮೊದಲನೆಯವನಿಗೆ ಮಾಡಿದ. ಶಾಲೆಯಲ್ಲಿ ಸಂಗೀತ ಕಲಿಸುವ, ಮಾತು ಕಡಿಮೆಯ ಮನುಷ್ಯ. ನಿಮ್ಮ ಆಂಪಿನ ಬಯಾಸ್ ತಪ್ಪಾಗಿ ಹೊಂದಿಸಿದ್ದೆ, ಸದ್ದು ಕೆಟ್ಟಿದ್ದರೆ ಅದು ನನ್ನ ತಪ್ಪು ಅಂದ.

ಆ ಕಡೆಯವನು, “ತಪ್ಪು ನಿಜವಾಗ್ಲೂ ಪೆಟ್ಟಿಗೆಯದಾ?” ಎಂದು ಕೇಳಿದ.

ಫೋನಿನ ಆ ದನಿ ಪಕ್ಕದಲ್ಲಿ ಕೂತ ಅಕ್ಕನಿಗೂ ಕೇಳಿಸಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಎರಡನೆಯವರು ಯಾರು ಅಂದಳು.